ಎರಡು ಮನೆಯ ಜೋಡು

ಕಚೇರಿಯಿಂದ ನನ್ನ ಕೆಲಸದ ಮೌಲ್ಯಮಾಪನದ ಫಾರ್ಮು ಫೋನಿಗೆ ಬಂದಾಗ ನಾನು ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಸ್ಕೂಟಿಯ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಎರಡು ಪುಟ ಇತ್ತು. ಮೊದಲ ಪುಟದ ತುಂಬ ನನ್ನ ಹೊಗಳಿಕೆ. ಕೆಲಸ ಚುರುಕು, ಸಮಯಪಾಲನೆ ಉತ್ತಮ, ವರದಿಗಳು ಅಚ್ಚುಕಟ್ಟು. ಬೇವು ತಿನ್ನಿಸುವವರು ಮೊದಲು ಬೆಲ್ಲ ಕೊಡುತ್ತಾರೆ ಎನ್ನುವುದು ಗೊತ್ತಿದ್ದರೂ ನಾನು ಹಿಗ್ಗಿದೆ. ಎರಡನೆಯ ಪುಟದಲ್ಲಿ ಹೀಗಿತ್ತು: ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ಕೆಲಸಗಾರರು ಇವರ ಮುಂದೆ ಬಾಯಿ ಬಿಡುವುದಿಲ್ಲ. ವಾಪಸು ಬಂದ ಮಾಲಿಗೆ ಕಾರಣ ಯಾರು, ಅವರ ಮೇಲೆ ಯಾವ ಕ್ರಮ ಆಗಬೇಕು ಎಂಬುದನ್ನು ಸೋಮವಾರ ಮಧ್ಯಾಹ್ನದೊಳಗೆ ಬರೆದು ಕಳಿಸಬೇಕು.

ಪಂಕ್ಚರ್ ಹಾಕುವವನು ಟೈರಿನಿಂದ ಕಿತ್ತ ಮೊಳೆಯನ್ನು ನನ್ನ ಮುಂದೆ ಹಿಡಿದು, ಇದು ಬಹಳ ದಿನದಿಂದ ಒಳಗೇ ಇತ್ತು ನೋಡ್ರಿ ಎಂದ. ಅವನಿಗೂ ಒಂದು ಸಿಡುಕಿನ ಉತ್ತರ ಕೊಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು, ಅದಕ್ಕೆ ಹೇಳುತ್ತಿದ್ದೇನೆ.

ನಮ್ಮದು ಚಪ್ಪಲಿ ಹೊಲಿಯುವ ಮನೆತನ. ಅಥಣಿ ತಾಲೂಕಿನ ಹಳ್ಳಿಯಲ್ಲಿ ಅಪ್ಪ ತೊಗಲು ಕೊಯ್ಯುತ್ತಿದ್ದ, ಅವ್ವ ಹೊಲಿಯುತ್ತಿದ್ದಳು. ನಾನು ಕಾಲೇಜು ಓದಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆದುಕೊಂಡು ಚಿಕ್ಕೋಡಿಯಲ್ಲಿ ಬಾಡಿಗೆ ಮನೆ ಹಿಡಿದೆ. ಕೈಯಿಂದ ಚಪ್ಪಲಿ ಮಾಡುವವರನ್ನು ಕೂಡಿಸಿ ದೊಡ್ಡ ಊರುಗಳ ಅಂಗಡಿಗಳಿಗೆ ಮಾಲು ಕಳಿಸುವ ಒಂದು ಸಂಸ್ಥೆಯಲ್ಲಿ ನನಗೆ ಉಸ್ತುವಾರಿಯ ಕೆಲಸ ಸಿಕ್ಕಿತು. ನಿಪ್ಪಾಣಿಯಲ್ಲಿ ಅದರ ಕಚೇರಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ವಾರವೆಲ್ಲ ಸ್ಕೂಟಿಯ ಮೇಲೆ ತಿರುಗಾಟ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಅವುಗಳ ಸ್ಪೀಕರಿನಲ್ಲಿ ಬರುವ ಮರಾಠಿ ಹಾಡುಗಳೆಲ್ಲ ನನಗೆ ಬಾಯಿಪಾಠ. ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳಿಗೆ ನೌಕರಿ ಕಾಯಂ ಆಗಬೇಕಿತ್ತು.

ಆಗ ಮುಂಬಯಿಯ ಒಂದು ಅಂಗಡಿಯಿಂದ ಹಬ್ಬಕ್ಕೆಂದು ದೊಡ್ಡ ಆರ್ಡರ್ ಬಂತು. ಅಷ್ಟು ಜೋಡಿಯನ್ನು ನಮ್ಮವರು ಯಾವತ್ತಿನ ಗತಿಯಲ್ಲಿ ಮಾಡಿದರೆ ಮೂರು ತಿಂಗಳು ಬೇಕು. ನಮಗೆ ಕೊಟ್ಟದ್ದು ನಲವತ್ತು ದಿನ. ಅದರ ಹೊಣೆಯನ್ನು ನಾನೇ ಕೈಯೆತ್ತಿ ಕೇಳಿ ತೆಗೆದುಕೊಂಡೆ. ಕಾಗವಾಡದ ಕಡೆಯ ಒಂದು ಊರಿನಲ್ಲಿ ಚಪ್ಪಲಿ ಹೊಲಿಯುವವರದೇ ಒಂದು ಉದ್ದ ಓಣಿ ಇದೆ. ಓಣಿಯ ಹಿಂದೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು, ಮುಂದೆ ಡಾಂಬರು ರಸ್ತೆ. ಮಾಲಿನ ಮುಕ್ಕಾಲು ಪಾಲು ಅಲ್ಲೇ ಆಗಬೇಕೆಂದು ನಿರ್ಧಾರ ಮಾಡಿದೆ.

ಆ ಓಣಿಯಲ್ಲಿ ಚಪ್ಪಲಿ ಹೇಗೆ ಆಗುತ್ತದೆಂದರೆ, ಗಂಡಸು ಒಂದೇ ತೊಗಲಿನಲ್ಲಿ, ಒಂದೇ ಜಾಗದಲ್ಲಿ, ಪುಸ್ತಕದ ಎದುರುಬದುರು ಪುಟಗಳಂತೆ ಎಡ ಮತ್ತು ಬಲದ ಅಟ್ಟೆ, ಅಂದರೆ ಚಪ್ಪಲಿಯ ತಳ, ಕೊಯ್ಯುತ್ತಾನೆ. ಕೊಯ್ದ ಕೂಡಲೇ ಎರಡನ್ನೂ ದಾರದಿಂದ ಕಟ್ಟುತ್ತಾನೆ. ಆ ಗಂಟು ಹೊಲಿಯುವ ಹೆಂಗಸಿನ ಮುಂದೆ ಹಾಗೇ ಬರುತ್ತದೆ. ಆಕೆ ಎಡದ್ದು ಮುಗಿಸಿ, ಎದ್ದು ಹೋಗದೆ, ಕೂತಲ್ಲೇ ಬಲದ್ದನ್ನು ಹೊಲಿಯುತ್ತಾಳೆ. ಆಮೇಲೆ ಮತ್ತೆ ಗಂಟು. ಗಿರಾಕಿಯ ಕಾಲು ಸೇರುವ ತನಕ ಆ ಜೋಡಿಯನ್ನು ಯಾರೂ ಬಿಚ್ಚುವುದಿಲ್ಲ. ನಾನು ಈ ಗಂಟುಗಳ ನಡುವೆಯೇ ಹುಟ್ಟಿ ಬೆಳೆದವಳು. ಆದರೂ ಅದು ನನಗೆ ಬರೀ ಹಳೆಯ ರೂಢಿಯಾಗಿ ಕಂಡಿತು.

ಮೊದಲ ವಾರ ಕೆಲಸ ಆಮೆಯಂತೆ ಸಾಗಿತು. ಎರಡನೆಯ ವಾರ ನನಗೊಂದು ಯೋಚನೆ ಹೊಳೆಯಿತು. ಇಡೀ ದಿನ ಒಂದೇ ಕಾಲಿನದನ್ನು ಹೊಲಿದರೆ ಕೈ ಅದಕ್ಕೇ ಪಳಗುತ್ತದೆ, ವೇಗ ತಾನಾಗಿ ಬರುತ್ತದೆ. ಹಾಗಾಗಿ ಓಣಿಯ ಎಡಬದಿಯ ಮನೆಗಳಿಗೆ ಎಡಗಾಲು, ಬಲಬದಿಯ ಮನೆಗಳಿಗೆ ಬಲಗಾಲು. ತೊಗಲು ಕೊಯ್ಯುವವರಿಗೂ ಹಾಗೆಯೇ ಬೇರೆ ಬೇರೆ ರಾಶಿ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದ ದಿನ ನನಗೆ ನನ್ನ ಬುದ್ಧಿಯ ಮೇಲೆ ಬಹಳ ಹೆಮ್ಮೆಯಾಯಿತು. ಹೊಲಿದವರು ಯಾರೆಂದು ಗೊತ್ತಾಗಲು ಪ್ರತಿ ಚಪ್ಪಲಿಯ ತಳಕ್ಕೆ ಒಂದು ಸಂಖ್ಯೆಯ ಮುದ್ರೆ ಒತ್ತಬೇಕಿತ್ತು. ಅದರಲ್ಲೂ ಸಮಯ ಉಳಿಸೋಣವೆಂದು ಎಡದ್ದಕ್ಕೆ ಮಾತ್ರ ಒತ್ತಿದರೆ ಸಾಕೆಂದೆ.

ಓಣಿಯ ಎಡಬದಿಯ ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಅನ್ನುವುದು. ಎಪ್ಪತ್ತು ದಾಟಿದೆ. ಸೊಸೆಯ ಜೊತೆ ಇರುತ್ತಾಳೆ. ಸೊಸೆ ಪಟ್ಟಿಯ ಮೇಲಿನ ಹೆಣಿಕೆ ಹೆಣೆಯುತ್ತಾಳೆ, ಆಯಿ ಅಟ್ಟೆ ಹೊಲಿಯುತ್ತಾಳೆ. ಒಂಬತ್ತನೆಯ ವಯಸ್ಸಿಗೆ ದಬ್ಬಳ ಹಿಡಿದವಳಂತೆ. ಓಣಿಯ ಅರ್ಧ ಹೆಂಗಸರಿಗೆ ಹೊಲಿಗೆ ಕಲಿಸಿದವಳು ಆಕೆಯೇ. ಕಣ್ಣು ಮಂಜಾಗಿದ್ದರೂ ಹೆಬ್ಬೆರಳಿನಿಂದಲೇ ತೊಗಲಿನ ಗುಣ ಹೇಳಿಬಿಡುತ್ತಾಳೆ. ನಮ್ಮ ಕೆಲಸಗಾರರ ಪಟ್ಟಿಯಲ್ಲಿ ಆಯಿಯ ಸಂಖ್ಯೆ ಏಳು.

ನಾನು ಹೊಸ ಪದ್ಧತಿಯನ್ನು ಎಲ್ಲರನ್ನೂ ಕೂಡಿಸಿ ವಿವರಿಸಿದ ದಿನ ಆಯಿ ಕೈಯಲ್ಲಿದ್ದ ಗಂಟನ್ನು ಬಿಚ್ಚಲೇ ಇಲ್ಲ. ಉಳಿದವರು ಬಿಚ್ಚುತ್ತಿದ್ದರು. ಆಕೆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

"ಜೋಡ ಬಿಚ್ಚಬ್ಯಾಡವಾ. ಒಂದ ತೊಗಲಿನಾಗ ಹುಟ್ಟಿದ್ದು ಒಂದ ಕೈಯಾಗ ಬೆಳೀಬೇಕು."

ನನಗೆ ಆ ದಿನ ಬೆಳಗ್ಗೆಯಿಂದ ಮುಂಬಯಿಯಿಂದ ನಾಲ್ಕು ಸಲ ಫೋನ್ ಬಂದಿತ್ತು. ನಾನು ಎಲ್ಲರ ಎದುರಿಗೆ ಹೇಳಿದೆ:

"ಆಯಿ, ನಿಮ್ಮ ಕಾಲದ ಮಾತು ಬಿಡ್ರಿ. ಹೊಲಿಯೂದಷ್ಟ ನಿಮ್ಮ ಕೆಲಸ. ವಿಚಾರ ಮಾಡೂದು ನಂದು."

ಆಯಿ ಗಂಟು ಬಿಚ್ಚಿದಳು. ಎಡದ್ದನ್ನು ಇಟ್ಟುಕೊಂಡು ಬಲದ್ದನ್ನು ನನ್ನ ಕೈಗೆ ಕೊಟ್ಟಳು. ಆ ದಿನದ ನಂತರ ಆ ಓಣಿಯಲ್ಲಿ ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಹೌದ್ರಿ ಅನ್ನುತ್ತಿದ್ದರು. ನಾನು ಅದನ್ನು ಶಿಸ್ತು ಎಂದುಕೊಂಡೆ. ವರದಿಯಲ್ಲಿಯೂ ಹಾಗೇ ಬರೆದೆ.

ವೇಗವಂತೂ ಬಂತು, ಸುಳ್ಳು ಹೇಳಬಾರದು. ದಿನದಿಂದ ದಿನಕ್ಕೆ ರಾಶಿ ಏರಿತು. ಎಡದ ರಾಶಿ, ಬಲದ ರಾಶಿ. ಸಂಜೆ ಕೂತು ಅಳತೆಯ ಪ್ರಕಾರ ಒಂದಕ್ಕೊಂದು ಸೇರಿಸಿ ಡಬ್ಬಿಗೆ ಹಾಕುವುದು. ಅಳತೆಪಟ್ಟಿ ಇಟ್ಟರೆ ಎಲ್ಲವೂ ಸರಿ. ನಾನು ವಾಟ್ಸ್ಆ್ಯಪ್ ಗುಂಪಿನಲ್ಲಿ ಡಬ್ಬಿಗಳ ಫೋಟೋ ಹಾಕುತ್ತಿದ್ದೆ, ಕಚೇರಿಯವರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು.

ಹಸಿ ತೊಗಲು ಅಳತೆಪಟ್ಟಿಗೆ ಒಂದು ಮಾತು ಹೇಳುತ್ತದೆ, ಒಣಗಿದ ಮೇಲೆ ಇನ್ನೊಂದು ಹೇಳುತ್ತದೆ. ಬೆನ್ನಿನ ಭಾಗದ ತೊಗಲು ಬಿಗಿಯಾಗಿರುತ್ತದೆ, ಹೊಟ್ಟೆಯ ಭಾಗದ್ದು ಜಗ್ಗುತ್ತದೆ. ಒಬ್ಬರ ಕೈ ದಾರವನ್ನು ಬಿಗಿಯಾಗಿ ಎಳೆಯುತ್ತದೆ, ಇನ್ನೊಬ್ಬರದು ಸಡಿಲ. ಮೊದಲ ಕಂತಿನ ಮಾಲು ಮುಂಬಯಿಗೆ ಹೋಗಿ, ಅಲ್ಲಿ ಒಣಗಿ, ಅರ್ಧಕ್ಕರ್ಧ ವಾಪಸು ಬಂತು. ಒಂದು ಕಾಲಿಗೆ ಸರಿಯಾದದ್ದು ಇನ್ನೊಂದಕ್ಕೆ ಕಚ್ಚುತ್ತಿತ್ತು. ಬೆಂಕಿಕಡ್ಡಿಯ ದಪ್ಪದಷ್ಟು ವ್ಯತ್ಯಾಸ. ಕಣ್ಣಿಗೆ ಗೊತ್ತಾಗದಿದ್ದರೂ ಕಾಲಿಗೆ ಗೊತ್ತಾಗುತ್ತದೆ.

ವಾಪಸು ಬಂದ ಡಬ್ಬಿಗಳನ್ನು ನಿಪ್ಪಾಣಿಯ ಕಚೇರಿಯಲ್ಲಿ ತೆರೆದು ಸಂಖ್ಯೆ ಬರೆದುಕೊಂಡರು. ಎಲ್ಲಕ್ಕಿಂತ ಹೆಚ್ಚು ಸಲ ಸಿಕ್ಕಿದ್ದು ಏಳು. ಸಿಗದೆ ಏನಾದೀತು? ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಲಿದವಳು ಆಯಿ. ಬಲಗಾಲಿನವಕ್ಕೆ ಮುದ್ರೆಯೇ ಇರಲಿಲ್ಲ, ಆದ್ದರಿಂದ ಬಲಬದಿಯ ಮನೆಗಳೆಲ್ಲ ಪಾರು. ನಮ್ಮ ಸಂಸ್ಥೆಯಲ್ಲಿ ಒಂದು ನಿಯಮ ಇದೆ. ವಾಪಸು ಬಂದ ಮಾಲಿನಲ್ಲಿ ಯಾರ ಸಂಖ್ಯೆ ಹೆಚ್ಚಿರುತ್ತದೋ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಆ ನಿಯಮವನ್ನು ಸೂಚಿಸಿದವಳು ನಾನೇ.

ಹೆಸರು ಹೋದರೆ ಆಯಿ ಉಪವಾಸ ಬೀಳುತ್ತಿರಲಿಲ್ಲ, ಸೊಸೆಯ ದುಡಿಮೆ ಇತ್ತು. ಆದರೆ ಅರವತ್ತು ವರ್ಷ ಹೊಲಿದವಳ ಕೈ ಕೆಟ್ಟಿತು ಎಂದು ಓಣಿ ಮಾತಾಡುತ್ತದೆ. ಆಕೆಯ ಹತ್ತಿರ ಆ ಕೈಯ ಹೆಸರು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ನಾನು ಫಾರ್ಮಿನಲ್ಲಿ ಏಳು ಎಂದು ಒಂದು ಅಂಕಿ ಬರೆದರೆ ಅದು ಮುಗಿಯುತ್ತಿತ್ತು.

ಬರೆಯದಿದ್ದರೆ? ಆಗ ಕಾರಣವೆಂದು ತೋರಿಸಲು ಯಾರಾದರೂ ಬೇಕಲ್ಲ, ಆ ಜಾಗದಲ್ಲಿ ನಾನು ಬರುತ್ತಿದ್ದೆ.

ಇಷ್ಟೆಲ್ಲ ನನಗೆ ಪಂಕ್ಚರ್ ಅಂಗಡಿಯ ಮುಂದೆ ಹೊಳೆಯಲಿಲ್ಲ. ಅಲ್ಲಿ ಹೊಳೆದದ್ದು ಬರೀ ಸಿಟ್ಟು. ಮನೆಗೆ ಹೋಗಿ ಮೂರು ಪುಟ ಉತ್ತರ ಬರೆದೆ. ಸಮಯ ಸಾಲಲಿಲ್ಲ, ತೊಗಲು ತಡವಾಗಿ ಬಂತು, ಮಳೆಗೆ ಸರಿಯಾಗಿ ಒಣಗಲಿಲ್ಲ, ಹಳೆಯ ಕೆಲಸಗಾರರು ಹೊಸದಕ್ಕೆ ಹೊಂದಿಕೊಳ್ಳುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತಿಗೆ ಮೂರು ಪುಟದ ಟಿಪ್ಪಣಿ ಬರೆದಂತಿತ್ತು ನನ್ನ ಉತ್ತರ. ಕೊನೆಗೆ ಏಳು ಎಂದು ಬರೆದೆ. ಕೆಳಗೆ ಸಹಿ ಮಾತ್ರ ಬಾಕಿ ಇಟ್ಟೆ.

ಶನಿವಾರ ಅದನ್ನು ತೆಗೆದುಕೊಂಡು ನಿಪ್ಪಾಣಿಗೆ ಹೋದೆ. ಫಾರ್ಮಿನಲ್ಲಿ ನನ್ನ ಬಗ್ಗೆ ಹಾಗೆ ಬರೆದ ಸಾಹೇಬರನ್ನು ಮುಖಾಮುಖಿ ಕೇಳಿಯೇ ಬಿಡಬೇಕೆಂದಿತ್ತು. ಸಾಹೇಬರ ಮನೆತನ ತಲೆಮಾರಿನಿಂದ ತೊಗಲಿನ ವ್ಯಾಪಾರದ್ದು. ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಒಂದೇ ಮೆಲುದನಿ. ಕೈ ಕೆಳಗಿನವರಿಗೂ ನೀವು ಅನ್ನುವ ಮನುಷ್ಯ. ಅಂಥವರ ಮೇಲೆ ಸಿಟ್ಟು ಮಾಡುವುದು ಕಷ್ಟ, ನಾನು ಆದರೂ ಮಾಡಿದೆ. ನನ್ನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದೆ.

ಅವರು ಚಹಾ ತರಿಸಿದರು. ನಾನು ರಾಯಬಾಗಕ್ಕೆ ಹೋಗಿದ್ದ ದಿನ ತಾವು ಆ ಓಣಿಗೆ ಹೋಗಿ ಒಂದು ತಾಸು ಕೂತು ಬಂದದ್ದನ್ನು ಹೇಳಿದರು. ಯಾರೂ ನನ್ನ ಬಗ್ಗೆ ಕೆಟ್ಟದ್ದು ಆಡಲಿಲ್ಲವಂತೆ. ಅದನ್ನೇ ನೋಡಿ ಬರೆದೆ ಎಂದರು.

"ನೀವು ಕೆಲಸಕ್ಕ ಜೋರ್ ಅದೀರಿ, ಅದಕ್ಕ ತಕರಾರ ಇಲ್ಲ. ಆದ್ರ ಯಾರ ಬಗ್ಗೆ ಮಂದಿ ಒಂದು ದೂರೂ ಹೇಳಂಗಿಲ್ಲೋ, ಅವರ ಬಗ್ಗೆ ನನಗ ಅಂಜಿಕಿ ಬರ್ತೈತಿ."

ನಾನು ಬರೆದು ತಂದ ಉತ್ತರವನ್ನು ಅವರ ಮುಂದೆ ಇಟ್ಟೆ. ಅವರು ನನ್ನ ಮೂರು ಪುಟ ಓದಿದರು, ನಿಧಾನವಾಗಿ, ಒಂದು ಸಾಲೂ ಬಿಡದೆ. ಓದಿ ಮುಗಿಸಿ, ಏಳನೇ ಸಂಖ್ಯೆ ಯಾರದೆಂದು ಕೇಳಿದರು. ಹೇಳಿದೆ. ಅವರು ಚಹಾದ ಕಪ್ಪು ತಿರುಗಿಸುತ್ತ ಮತ್ತೆ ಕೇಳಿದರು:

"ಜೋಡ ಬಿಚ್ಚೂಮುಂದ ಆಯಿ ನಿಮಗ ಏನರ ಹೇಳಿದ್ಳೇನು?"

"ಇಲ್ರಿ," ಎಂದೆ. "ಏನೂ ಹೇಳಿಲ್ರಿ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಸಾಹೇಬರು ನನ್ನ ಮುಖ ನೋಡಲಿಲ್ಲ. ಕಾಗದವನ್ನು ಮಡಚಿ ವಾಪಸು ಕೊಟ್ಟರು. ಸಹಿ ಹಾಕಿ ಸೋಮವಾರ ಕಳಿಸಿ, ಹಾಗಾದರೆ ಪಟ್ಟಿಯಿಂದ ಹೆಸರು ತೆಗೆಯೋಣ ಎಂದರು. ವಾಪಸು ಬಂದ ಮಾಲಿನಲ್ಲಿ ಒಂದು ಡಬ್ಬಿಯನ್ನು ನಾನು ನೋಡಲೆಂದು ಕೊಟ್ಟರು.

ಮನೆಯಲ್ಲಿ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಡಬ್ಬಿಯನ್ನು ಆಕೆಯ ಹತ್ತಿರ ಇಟ್ಟು ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಅವ್ವ ಎರಡೂ ಚಪ್ಪಲಿಗಳನ್ನು ಮೊರದ ಪಕ್ಕ ಇಟ್ಟು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು.

"ಇವು ಎರಡು ಮನಿಯವು," ಅಂದಳು. "ಯಾರು ಕೂಡಿಸ್ಯಾರ ಇವನ್ನ?"

ನಾನೇ ಎಂದೆ. ಯಾಕೆ ಎಂದು ಕೇಳಲಿಲ್ಲ ಅವ್ವ. ಮತ್ತೆ ಜೋಳ ಹಸನು ಮಾಡಲು ಹತ್ತಿದಳು. ಸ್ವಲ್ಪ ಹೊತ್ತು ಬಿಟ್ಟು, ನಿಮ್ಮಪ್ಪನ ಅಥಣಿ ಜೋಡು ನೆನಪೈತೇನು ಎಂದಳು.

ನೆನಪಿಲ್ಲದೆ ಏನು? ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಅಥಣಿಯ ಒಬ್ಬ ದೊಡ್ಡ ಮನುಷ್ಯರ ಮನೆಯ ಮದುವೆಗೆ ಅಪ್ಪ ವರನ ಚಪ್ಪಲಿ ಮಾಡುತ್ತಿದ್ದ. ತೊಗಲು ಸಾಲದೆ ಬಂದು, ಎಡದ್ದನ್ನು ಒಂದು ತುಂಡಿನಲ್ಲಿ, ಬಲದ್ದನ್ನು ಇನ್ನೊಂದರಲ್ಲಿ ಕೊಯ್ದ. ಹೊಲಿದು ಆದ ಮೇಲೆ ಅವನಿಗೇ ಮನಸ್ಸು ಒಪ್ಪಲಿಲ್ಲ. ಬೇರೆ ತೊಗಲು ತಂದು ಬೇರೆ ಜೋಡಿ ಮಾಡಿಕೊಟ್ಟ. ನಮ್ಮ ಓಣಿಗಳಲ್ಲಿ ಒಂದು ಕಟ್ಟಳೆ ಇದೆ. ಕೆಟ್ಟ ಜೋಡನ್ನು ಮಾರಬಾರದು, ಎಸೆಯಲೂ ಬಾರದು. ಕೆಡಿಸಿದವನೇ ಅದನ್ನು ಮೆಟ್ಟಿ ಸವೆಸಬೇಕು. ವರನಿಗೆಂದು ಜರಿ ಗೊಂಡೆ ಹಚ್ಚಿದ್ದ ಆ ಚಪ್ಪಲಿಯನ್ನು ಅಪ್ಪ ಒಂದು ವರ್ಷ ಮೆಟ್ಟಿದ. ಸಂತೆಗೆ ಅದೇ, ಹೊಲಕ್ಕೆ ಅದೇ, ನನ್ನ ಶಾಲೆಗೆ ಬಂದಾಗಲೂ ಅದೇ. ಮಂದಿ ನಕ್ಕು, ಮದುವೆ ಗಂಡು ಬಂದ ಎನ್ನುತ್ತಿದ್ದರು. ಅಪ್ಪನೂ ನಗುತ್ತಿದ್ದ. ನಾನು ನಾಚಿಕೆಯಿಂದ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ.

ಅವ್ವ ಅಷ್ಟೇ ಕೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ನನಗೆ ಅಳು ಬಂತು. ಹಾಳಾದ ಮಾಲಿಗಾಗಿ ಅಲ್ಲ, ಇಲ್ರಿ ಎಂದೆನಲ್ಲ, ಅದಕ್ಕಾಗಿ. ಆ ಓಣಿಯಲ್ಲಿ ಒಬ್ಬಳೇ ಒಬ್ಬಳು ನನ್ನ ಒಳ್ಳೆಯದಕ್ಕೆ ಬಾಯಿ ಬಿಟ್ಟಿದ್ದಳು. ನಾನು ಮೊದಲು ಆಕೆಯ ಬಾಯಿ ಮುಚ್ಚಿಸಿದೆ, ಆಮೇಲೆ ಆಕೆ ಬಾಯಿಯೇ ಬಿಟ್ಟಿಲ್ಲ ಎಂದು ಸಾಕ್ಷಿ ಹೇಳಿ ಬಂದೆ.

ಆದರೂ ಆ ಮೂರು ಪುಟವನ್ನು ಆಗಲೇ ಹರಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡೆ. ನೌಕರಿ ಕಾಯಂ ಆಗುವ ಮಾತು ಸಣ್ಣದಲ್ಲ.

ಭಾನುವಾರ ಬೆಳಗ್ಗೆ ನಿಪ್ಪಾಣಿಯಿಂದ ಟೆಂಪೋದಲ್ಲಿ ವಾಪಸು ಮಾಲನ್ನೆಲ್ಲ ಹೇರಿಸಿಕೊಂಡು ಓಣಿಗೆ ಹೊರಟೆ. ಅಂಕಲಿಯ ಹತ್ತಿರ ಸೇತುವೆ ದಾಟುವಾಗ ಹೊಳೆಯಲ್ಲಿ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಯಡೂರಿನ ಗುಡಿಗೆ ಹೋಗುವವರು ರಸ್ತೆಯ ಬದಿಯಲ್ಲಿ ಬರಿಗಾಲಲ್ಲಿ ನಡೆದಿದ್ದರು. ಟೆಂಪೋದ ಡ್ರೈವರ್ ಅವರನ್ನು ತೋರಿಸಿ, ಇಷ್ಟು ಚಪ್ಪಲಿ ಹೇರಿಕೊಂಡು ಹೊಂಟೀವಿ, ಮೆಟ್ಟುವವರೇ ಇಲ್ಲ ನೋಡ್ರಿ ಎಂದು ನಕ್ಕ. ನನಗೆ ನಗು ಬರಲಿಲ್ಲ. ಓಣಿಗೆ ಹೋಗಿ ಏನು ಹೇಳಬೇಕೆಂದು ಇಡೀ ದಾರಿ ಮಾತು ಜೋಡಿಸುತ್ತಿದ್ದೆ. ಹೇಳಿ ಹೇಳಿ ರೂಢಿಯಾದವಳಿಗೆ ಕೇಳುವ ಮಾತು ಹೊಂದಿಸುವುದು ಕಷ್ಟ.

ಆಯಿ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಹೊಲಿಯುತ್ತಿದ್ದಳು. ಡಬ್ಬಿಗಳು ಇಳಿಯುವುದನ್ನು ಕಂಡು ಓಣಿಯ ಜನ ಬಾಗಿಲಿಗೆ ಬಂದು ನಿಂತರು. ವಾಪಸು ಮಾಲೆಂದು ಎಲ್ಲರಿಗೂ ಗೊತ್ತಾಯಿತು. ನಾನು ಕಟ್ಟೆಯ ಕೆಳಗೆ, ಆಕೆಯ ಮುಂದೆ ನೆಲಕ್ಕೆ ಕೂತೆ. ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ನೀವು ಅಂದು ಹೇಳಿದ್ದೇ ಖರೆ ಆಯಿತು, ನಾನು ಕೇಳಲಿಲ್ಲ, ಎಲ್ಲರ ಮುಂದೆ ನಿಮಗೆ ಹಾಗೆ ಅನ್ನಬಾರದಿತ್ತು ಎಂದಿಷ್ಟು ಹೇಳಿದೆ. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ತಪ್ಪೆನ್ನಬೇಕಲ್ಲ, ಅದಕ್ಕೆ ದನಿ ತಗ್ಗಿಸಲಿಲ್ಲ. ಆಮೇಲೆ ಕೇಳಿದೆ:

"ಈಗ ಏನ್ ಮಾಡೂಣು ಆಯಿ?"

ಆಯಿ ದಾರವನ್ನು ಎಳೆದು, ಹಲ್ಲಿನಿಂದ ಕಡಿದು, ಕೈಯಲ್ಲಿದ್ದುದನ್ನು ಪೂರ್ತಿ ಮುಗಿಸಿ ಕೆಳಗಿಟ್ಟಳು. ನನ್ನನ್ನು ಅಷ್ಟು ಹೊತ್ತು ಕಾಯಿಸಿದ್ದು ಬೇಕೆಂದೇ ಇರಬಹುದು. ಇದ್ದರೆ ನ್ಯಾಯವೇ.

"ಎಲ್ಲಾ ಇಲ್ಲೇ ಸುರುವು," ಅಂದಳು.

ಡಬ್ಬಿಗಳನ್ನೆಲ್ಲ ಬಿಚ್ಚಿ, ಓಣಿಯ ನಡುವೆ ತಾಡಪತ್ರಿ ಹಾಸಿ ಸುರಿದೆವು. ಎಡದ್ದೊಂದು ರಾಶಿ, ಬಲದ್ದೊಂದು ರಾಶಿ. ಆಯಿ ನಡುವೆ ಕೂತಳು. ಒಂದು ಎಡದ್ದನ್ನು ಎತ್ತಿಕೊಳ್ಳುವುದು, ಮಡಚುವುದು, ಬೆರಳಿನಿಂದ ಜಗ್ಗುವುದು, ಬಿಗಿ ಎನ್ನುವುದು, ಇಲ್ಲವೇ ಸಡಿಲು ಎನ್ನುವುದು. ಹೆಂಗಸರು ಬಲದ ರಾಶಿಯಲ್ಲಿ ಅದಕ್ಕೆ ತಕ್ಕದ್ದನ್ನು ಹುಡುಕುವುದು. ಒಂದೇ ತೊಗಲಿನಲ್ಲಿ ಹುಟ್ಟದಿದ್ದರೂ ಒಂದೇ ಗುಣದವು ಸಿಕ್ಕರೆ ಸಾಕು, ಅಂಚು ಬಿಚ್ಚಿ ಒಬ್ಬರೇ ಕೂತು ಮರಳಿ ಹೊಲಿದರೆ ಹೊಂದಿಕೊಳ್ಳುತ್ತವೆ ಎಂದು ಆಯಿ ಹೇಳಿದಳು. ವರನಿಗೆ ಕನ್ಯೆ ನೋಡುವವರಂತೆ ಹೆಂಗಸರು ಒಂದೊಂದಕ್ಕೂ ತಕರಾರು ತೆಗೆದು ನಗುತ್ತಿದ್ದರು. ಇದು ಉದ್ದ ಆತು, ಇದರ ಬಣ್ಣ ಕಪ್ಪಾತು, ಇದರ ಮನೆತನ ಚಲೋ ಅಲ್ಲ. ಓಣಿಯಲ್ಲಿ ನನ್ನ ಎದುರಿಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

ಮಾತಿನ ನಡುವೆ ನನಗೆ ಹಲವು ವಿಷಯ ತಿಳಿದವು. ಬಲಬದಿಯ ಒಬ್ಬ ಹೆಂಗಸಿಗೆ ಕೈ ಬೆರಳು ಬಾತು ಎರಡು ವಾರವಾಗಿತ್ತು, ದಾರ ಬಿಗಿಯಲು ಆಗುತ್ತಿರಲಿಲ್ಲ, ನನಗೆ ಹೇಳಿರಲಿಲ್ಲ. ಜೋಡಿ ಸರಿ ಕೂಡುತ್ತಿಲ್ಲ ಎಂದು ಗಂಟು ಬಿಚ್ಚಿದ ಮೊದಲ ವಾರವೇ ಎಲ್ಲರಿಗೂ ಗೊತ್ತಾಗಿತ್ತು, ಅದನ್ನೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ. ಅಷ್ಟಾದರೂ ಬುದ್ಧಿ ಬಂದಿತ್ತು.

ಆ ದಿನ ಪೂರ್ತಿ ಆಗಲಿಲ್ಲ. ಸೋಮವಾರ ಬೆಳಗ್ಗೆ ಮತ್ತೆ ಹೋದೆ. ಹನ್ನೊಂದು ಗಂಟೆಯ ಹೊತ್ತಿಗೆ ಬಹುಪಾಲು ಜೋಡಿ ಕೂಡಿ, ದಾರ ಕಟ್ಟಿ ಸಾಲಾಗಿ ಇಟ್ಟಾಗಿತ್ತು. ಏನು ಮಾಡಿದರೂ ಹೊಂದದ ಕೆಲವು ಬಿಡಿಗಳು ತಾಡಪತ್ರಿಯ ಮೂಲೆಯಲ್ಲಿ ಉಳಿದವು. ನಾನು ಬೇವಿನ ಗಿಡದ ಕೆಳಗೆ ನಿಂತು ಫೋನಿನಲ್ಲೇ ಉತ್ತರ ಬರೆದೆ. ಜೋಡಿ ಬಿಡಿಸಿದ್ದು ನನ್ನ ನಿರ್ಧಾರ. ಎಡದ್ದಕ್ಕೆ ಮಾತ್ರ ಮುದ್ರೆ ಹಾಕಿಸಿದ್ದೂ ನನ್ನ ನಿರ್ಧಾರ, ಆದ್ದರಿಂದ ಸಂಖ್ಯೆ ನೋಡಿ ಯಾರನ್ನೂ ಹೊಣೆ ಮಾಡಲಾಗದು. ಏಳನೇ ಸಂಖ್ಯೆಯ ಆಯಿ ಹೀಗಾಗುತ್ತದೆಂದು ಮೊದಲೇ ಎಚ್ಚರಿಸಿದ್ದರು. ಶನಿವಾರ ನಾನು ಇಲ್ಲ ಎಂದದ್ದು ಸುಳ್ಳು. ಹೊಣೆಗಾರರು ಎಂಬಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಐದೇ ವಾಕ್ಯ. ಸುಳ್ಳು ಎಂಬ ಪದವನ್ನು ಎರಡು ಸಲ ಅಳಿಸಿ ಮೂರನೆಯ ಸಲ ಉಳಿಸಿದೆ. ಚೀಲದಲ್ಲಿದ್ದ ಮೂರು ಪುಟವನ್ನು ಆಗ ಹರಿದೆ.

ಸಾಹೇಬರಿಂದ ಸಂಜೆ ಉತ್ತರ ಬಂತು. ಸಿಕ್ಕಿತು ಎಂದಷ್ಟೇ ಇತ್ತು.

ಆರ್ಡರ್ ಆರು ದಿನ ತಡವಾಗಿ ಮುಗಿಯಿತು. ಆ ಅಂಗಡಿಯವರು ಗೊಣಗಿದರು, ಆದರೆ ತೆಗೆದುಕೊಂಡರು. ಈ ಸಲ ವಾಪಸು ಬಂದದ್ದು ಒಂದೇ ಡಬ್ಬಿ. ನನ್ನ ನೌಕರಿ ಕಾಯಂ ಆಗಲಿಲ್ಲ, ಪರೀಕ್ಷಾರ್ಥ ಅವಧಿಯನ್ನು ಇನ್ನೂ ಆರು ತಿಂಗಳು ಮುಂದುವರಿಸಿದರು. ಮನಸ್ಸಿಗೆ ಬೇಜಾರಾಗಲಿಲ್ಲ ಎಂದರೆ ನಂಬಬೇಡಿ. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಏಳನೇ ಸಂಖ್ಯೆ ಪಟ್ಟಿಯಲ್ಲಿ ಉಳಿಯಿತು. ಮುದ್ರೆ ಈಗ ಎರಡೂ ಕಾಲಿನದಕ್ಕೆ ಬೀಳುತ್ತದೆ, ಗಂಟು ಬಿಚ್ಚುವ ಮಾತನ್ನು ಯಾರೂ ಆಡುವುದಿಲ್ಲ. ಸಿಟ್ಟು ಹೋಗಿದೆಯೇ ಎಂದು ಅವ್ವನನ್ನು ಕೇಳಿದರೆ ಆಕೆ ನಗುತ್ತಾಳೆ.

ಆ ಸೋಮವಾರ ಇನ್ನೊಂದು ಕೆಲಸ ಮಾಡಿದ್ದೆ. ಉಳಿದ ಬಿಡಿ ಚಪ್ಪಲಿಗಳಲ್ಲಿ ನನ್ನ ಅಳತೆಯ ಒಂದು ಎಡದ್ದು, ಒಂದು ಬಲದ್ದು ಆರಿಸಿ ಚೀಲಕ್ಕೆ ಹಾಕಿಕೊಂಡಿದ್ದೆ. ಮುಂದಿನ ವಾರ ಓಣಿಗೆ ಅವನ್ನೇ ಮೆಟ್ಟಿಕೊಂಡು ಹೋದೆ. ಹೊಸ ತೊಗಲು, ನಡೆದರೆ ಕರ್ ಕರ್ ಎಂದು ಊರಿಗೆಲ್ಲ ಕೇಳುವ ಸದ್ದು. ಎಡದ್ದು ಹೂವಿನಂತಿತ್ತು. ಬಲದ್ದು ಕಿರುಬೆರಳಿನ ಹತ್ತಿರ ಕಚ್ಚಿ ಸುಲಿದಿತ್ತು.

ಆಯಿ ಸದ್ದು ಕೇಳಿ ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಹತ್ತಿರ ಕರೆದು, ಬಾಗಿ, ಎಡಗಾಲಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಬಲಗಾಲಿನದರ ಮೇಲೆ.

"ಎಡಗಾಲಿಂದು ನಂದು," ಅಂದಳು. "ಬಲಗಾಲಿಂದು ಯಾರ್ದು?"

"ಎರಡೂ ನನ್ನವ ಆಯಿ."

ಆಕೆ ಬಲದ್ದರ ಅಂಚನ್ನು ಬೆರಳಿನಿಂದ ಜಗ್ಗಿ ನೋಡಿದಳು.

"ಕಡೀತೈತೇನು?"

"ಹೌದ್ರಿ. ಭಾಳ ಕಡೀತೈತಿ."

"ಕಡೀಲಿ ಬಿಡು," ಅಂದಳು ಆಯಿ, ಮತ್ತು ಚಾಪೆಯ ಮೇಲೆ ಒಂದಿಷ್ಟು ಸರಿದು ನನಗೆ ಕೂಡಲು ಜಾಗ ಮಾಡಿಕೊಟ್ಟಳು.